ಮಾವನ ಹನ್ನೆರಡು ಮಂದಿ

ನನ್ನ ಸೋದರಮಾವನಿಗೆ ಇಂಗ್ಲೆಂಡಿನ ನ್ಯಾಯದ ಹುಚ್ಚು ಹಿಡಿದಿತ್ತು ಅಂದರೆ ನೀವು ನಗುತ್ತೀರಿ. ಕೊಲ್ಲಿ ದೇಶದ ಫರ್ವಾನಿಯಾದ ಫ್ಲ್ಯಾಟಿನಲ್ಲಿ ಅವರ ಜೊತೆ ಇದ್ದವನು ನಾನು. ನನಗೆ ನಗುವಲ್ಲ, ಹೆದರಿಕೆಯೇ ಆಗುತ್ತಿತ್ತು!

ಊರಿಗೆ ಮರಳಿದ ಇಂಗ್ಲಿಷ್ ಮ್ಯಾನೇಜರೊಬ್ಬ ಬಿಟ್ಟುಹೋದ ಹಳೇ ಕಾನೂನು ಪುಸ್ತಕವೇ ಎಲ್ಲಕ್ಕೂ ಕಾರಣ. "ಅಲ್ಲಿ ಜಡ್ಜ್ ಹೇಳುವುದು ಬರೀ ಕಾನೂನು ಮಾರಾಯ. ತಪ್ಪು ಮಾಡಿದ್ದಾನಾ ಇಲ್ವಾ ಅಂತ ಹೇಳುವುದು ಜೂರಿ. ಹನ್ನೆರಡು ಜನ! ಡ್ರೈವರ್, ಸಲೂನಿನವ, ಯಾರೂ ಆಗಬಹುದು!" ಎನ್ನುತ್ತಿದ್ದರು ಮಾವ. ಹಿಂದೆಲ್ಲ ತೀರ್ಪು ಹೇಳುವ ತನಕ ಆ ಹನ್ನೆರಡು ಮಂದಿಗೆ ಅನ್ನ ನೀರು ಕೊಡುತ್ತಿರಲಿಲ್ಲವಂತೆ. ಮಾವನಿಗೆ ಬಹಳ ಹಿಡಿಸಿದ್ದು ಇದೇ.

ನಾನು ಕುಕ್ಕರ್ ಸುಟ್ಟ ಶುಕ್ರವಾರ, ಕಟ್ಟಡದ ಹನ್ನೆರಡು ಜನರನ್ನು ಕರೆದು ಜೂರಿ ಕೂರಿಸಿಯೇಬಿಟ್ಟರು. ಅಡುಗೆಮನೆಯಲ್ಲಿ ಬಂಗುಡೆ ಮೀನಿನ ಗಸಿ ಘಮಘಮ. ಎಂಟೇ ನಿಮಿಷಕ್ಕೆ ಎರಡನೇ ಮಹಡಿಯ ನರ್ಸ್ ಸೆವ್ರಿನ್ ಬಾಯಿ ಎದ್ದರು. "ಇವನದ್ದೇ ತಪ್ಪು, ಖಲಾಸ್! ಬಡಿಸಿ!" ಹಸಿದ ಹೊಟ್ಟೆಗೆ ಸಂಶಯ ಎಲ್ಲಿಂದ ಬರಬೇಕು? ನನಗೆ ತಿಂಗಳಿಡೀ ಪಾತ್ರೆ ತೊಳೆಯುವ ಶಿಕ್ಷೆ.

ಆ ಚಳಿಗಾಲದಲ್ಲಿ, ಮಾವ ಸ್ಟೋರ್‌ಕೀಪರ್ ಆಗಿದ್ದ ಅರ್ದಿಯಾದ ಗೋದಾಮಿಗೆ ಬೆಂಕಿ ಬಿತ್ತು. ಹೀಟರ್ ಆರಿಸದೆ ಬಂದದ್ದು ಅವರೇ ಎಂದು ಕಂಪನಿಯ ದೂರು. ವಿಚಾರಣೆಗೆ ಕರೆ ಬಂತು. ತಪ್ಪು ಅವರದ್ದೇ ಎಂದಾದರೆ ಜೈಲು, ಆಮೇಲೆ ಗಡೀಪಾರು. ಮಾವ ಉಣ್ಣಲಿಲ್ಲ, ಪುಸ್ತಕ ಮುಟ್ಟಲಿಲ್ಲ.

"ಸ್ವಿಚ್ ಆರಿಸಿದ್ದೀರಲ್ಲ ಮಾವ?"

"ಆರಿಸಿದ್ದೇನೆ ಅಂತ ಕಾಣ್ತದೆ. ಸರಿ ನೆನಪಿಲ್ಲ ಮಾರಾಯ. ಇಲ್ಲಿ ಹನ್ನೆರಡು ಜನ ಇಲ್ಲ. ಮೇಜಿನ ಆಚೆ ಒಬ್ಬನೇ. ನಾನು ಎಂಥವ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?"

ಓಡಿಹೋಗಿ ಸೆವ್ರಿನ್ ಬಾಯಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಮಾವ ತನಿಖೆಯ ಕಚೇರಿಯೊಳಗೆ ಹೋದರು. ಅವರಿಗೆ ತಿಳಿಯದಂತೆ ನಾವು ಕಟ್ಟಡದವರು ಗೇಟಿನ ಹೊರಗೆ ಬಂದು ನಿಂತೆವು. ಬಾಗಿಲು ತೆರೆದಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದೆ. ಕೈಕೋಳ ಹಾಕಿ ಕರೆತರುತ್ತಾರೋ ಏನೋ!

ಎರಡು ಗಂಟೆಗೆ ಮಾವ ಒಬ್ಬರೇ ಹೊರಬಂದು, ಮುಂದೆ ನಿಂತಿದ್ದ ನನ್ನನ್ನು ಕಂಡು ಹೇಳಿದರು. "ಗೋಡೆಯೊಳಗಿನ ವಯರ್ ಸುಟ್ಟದ್ದಂತೆ. ನನ್ನದೇನೂ ತಪ್ಪಿಲ್ಲ ಅಂತ ಬರೆದುಕೊಟ್ರು." ಆಗಲೇ ಅವರು ಸರಿಯಾಗಿ ನಮ್ಮ ಕಡೆ ನೋಡಿದ್ದು. ಡ್ರೈವರ್, ಸಲೂನಿನವ, ಸೆವ್ರಿನ್ ಬಾಯಿ... ತುಟಿ ಅಲುಗಿಸುತ್ತ ಎಣಿಸಿದರು. ನಾನೂ ಸೇರಿ ಹನ್ನೆರಡು. ಸೆವ್ರಿನ್ ಬಾಯಿ ತಂದ ಬುತ್ತಿಯ ಮುಚ್ಚಳ ಯಾರೂ ತೆರೆದಿರಲಿಲ್ಲ.

"ಇಷ್ಟು ಹೊತ್ತಾದ್ರೂ ಯಾರೂ ಊಟ ಮಾಡ್ಲಿಲ್ವಾ?"

"ತೀರ್ಪು ಬಾರದೆ ಹೇಗೆ ಉಣ್ಣುವುದು ಮಾರಾಯ್ರೆ?" ಎಂದರು ಸೆವ್ರಿನ್ ಬಾಯಿ.

ಮಾವ ಫುಟ್‌ಪಾತಿನಲ್ಲೇ ಕೂತು, ಅಳುತ್ತಲೇ ಬುತ್ತಿ ಬಿಚ್ಚಿ, ಮೊದಲ ತುತ್ತು ನನ್ನ ಕೈಗಿಟ್ಟರು.