ಗೆರೆಯ ಮೇಲೆ ಶ್ರೀಕಂಠ

ತೆಲುಗು ನಾಡಿನ ಪೆಂಡುರ್ತಿಯ ಆ ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲಿಸಲು ನೆರಳಿನ ಜಾಗ ಒಂದೇ ಒಂದು ಖಾಲಿ ಬಿದ್ದಿತ್ತು. ಅದರ ಯಜಮಾನರು ಅಂಗಡಿ ನೋಡಿಕೊಳ್ಳಲು ವಿಜಯವಾಡದ ಒನ್ ಟೌನ್ ಪೇಟೆಗೆ ಹೋದಾಗಿನಿಂದ ಎಲ್ಲರ ಕಣ್ಣೂ ಅದರ ಮೇಲೆ. ಹಾಸನದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ ಶ್ರೀಕಂಠನ ಹೊಸ ಕಾರಂತೂ ಬಯಲಲ್ಲಿ ನಿಂತು ಒಲೆಯ ಮೇಲಿನ ಬಾಣಲೆಯಂತೆ ಕಾಯುತ್ತಿತ್ತು.

ಭಾನುವಾರ ಬೆಳಿಗ್ಗೆ ಸಭೆ ಸೇರಿತು, ಜಗಳಕ್ಕೆ ತಿರುಗಿತು. ಬಳ್ಳಾರಿಯ ಹೆಣ್ಣನ್ನು ಮದುವೆಯಾಗಿ ಕನ್ನಡ ಕಲಿತಿದ್ದ ಅಧ್ಯಕ್ಷ ಕಾಮೇಶ್ವರ ಮೇಜು ಗುದ್ದಿದರು. "ಆಗಿದ್ದೆಲ್ಲ ಕ್ಯಾನ್ಸಲ್! ಸ್ಟಾರ್ಟ್ ಫ್ರಮ್ ಸ್ಕ್ರ್ಯಾಚ್!"

"ಸ್ಕ್ರ್ಯಾಚ್ ಅಂದ್ರೆ ಗೀರು ಕದಂಡಿ, ಅಲ್ವಾ? ಯಾರ ಕಾರಿಗೆ?" ಬಂದರಿನ ಗುಮಾಸ್ತ, ಕಡ್ಡಿಯಂಥ ಸೂರ್ಯಪ್ರಕಾಶ ಗಾಬರಿಯಾದ.

ಶ್ರೀಕಂಠನಿಗೆ ಹುರುಪು ಬಂತು. "ಕಾರಿಗಲ್ಲ ಸಾರ್, ನೆಲಕ್ಕೆ! ಹಿಂದೆ ಓಟದ ಪಂದ್ಯಕ್ಕೆ ನೆಲ ಗೀರಿ ಗೆರೆ ಎಳೀತಿದ್ರು. ಅದೇ ಸ್ಕ್ರ್ಯಾಚ್. ಕೈಲಾಗದವರನ್ನ ಮುಂದೆ ನಿಲ್ಲಿಸೋರು. ಗಟ್ಟಿಗ ಮಾತ್ರ ಯಾವ ರಿಯಾಯಿತೀನೂ ಇಲ್ದೆ ಆ ಗೆರೆಯಿಂದ್ಲೇ ಓಡ್ಬೇಕು. ಅದಕ್ಕೇ ಏನೂ ಇಲ್ದೆ ಮೊದಲಿಂದ ಶುರು ಮಾಡೋದಕ್ಕೆ ಆ ಮಾತು ಬಂತು. ನಾವೂ ಹಂಗೇ ಓಡಿ ತೀರ್ಮಾನ ಮಾಡ್ಬಿಡೋಣ!"

ತನ್ನ ಹೊಟ್ಟೆಯನ್ನು ನೋಡಿದ ಯಾರೇ ಆದರೂ ಅರ್ಧ ದಾರಿ ಬಿಟ್ಟುಕೊಡುತ್ತಾರೆಂಬುದು ಅವನ ಲೆಕ್ಕಾಚಾರ.

"ಸೂಪರ್ ಅಂಡಿ!" ಎಂದ ಕಾಮೇಶ್ವರ ಆಗಲೇ ಕಲ್ಲು ಹಿಡಿದು ಗೇಟಿನ ಬಳಿ ಗೆರೆ ಎಳೆದಿದ್ದರು. ಅಂಗಳದ ಆ ತುದಿಯ ಕಂಬವೇ ಗೆಲುವಿನ ಗುರಿ.

ಮರುಕ್ಷಣ ಅಪಾರ್ಟ್‌ಮೆಂಟು ಆಸ್ಪತ್ರೆಯಾಯಿತು. ಸೂರ್ಯಪ್ರಕಾಶನಿಗೆ ಮಂಡಿ ಹಿಡಿಯಿತು. ನಿವೃತ್ತ ಸ್ಕೂಲ್ ಮೇಡಂ ರಾಜ್ಯಲಕ್ಷ್ಮಿಯವರ ಸೊಂಟವೇ ಕುಸಿಯಿತು. ಗೆಲುವಿನ ಕಂಬದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ನರಳಿದರು.

ಶ್ರೀಕಂಠ ಉಸಿರುಬ್ಬಸ ನಟಿಸಲು ಬಾಯಿ ತೆರೆದಿದ್ದಷ್ಟೇ. ಮೇಲಿನ ಬಾಲ್ಕನಿಯಿಂದ ಹೆಂಡತಿ ಸುಮಿತ್ರಾ ಕೂಗಿದಳು: "ನಮ್ಮವರು ಕಾಲೇಜಲ್ಲಿ ಓಟದಲ್ಲಿ ಜಿಲ್ಲೆಗೇ ಫಸ್ಟ್ ಬರ್ತಿದ್ರು!"

ಹೆಣ್ಣು ನೋಡಲು ಹೋದಾಗ ಅವನು ಬಿಟ್ಟಿದ್ದ ಬೊಗಳೆ ಅದು. ಕಾಮೇಶ್ವರ ಉಳಿದ ರೋಗಿಗಳನ್ನೆಲ್ಲ ಮುಂದೆ ಬಿಟ್ಟು, ಅವನ ರಟ್ಟೆ ಹಿಡಿದು ಗೆರೆಯ ಹಿಂದೆ ನಿಲ್ಲಿಸಿದರು.

ಶಿಳ್ಳೆ ಮೊಳಗಿತು. ಶ್ರೀಕಂಠ ಕಣ್ಣು ಮುಚ್ಚಿ ಓಡಿದ. ಒಂದು ಚಪ್ಪಲಿ ತುಳಸಿಕಟ್ಟೆಗೆ ಹಾರಿತು, ಬೀದಿನಾಯಿ ಬೆನ್ನಟ್ಟಿತು, ಹೊಟ್ಟೆ ಅರ್ಧ ತುಂಬಿದ ಕೊಡದಂತೆ ತುಳುಕಿತು. ಕಣ್ಣು ತೆರೆದರೆ ಏನಾಶ್ಚರ್ಯ! ಮುಂದೆ ನಿಂತವರಾರೂ ಓಡುತ್ತಲೇ ಇಲ್ಲ. ಓಡಿದರೆ ಹೇಳಿದ ಸುಳ್ಳು ಬಯಲಾಗುತ್ತದಲ್ಲ! ಸೂರ್ಯಪ್ರಕಾಶ ಯಾವ ಕಾಲು ಕುಂಟಬೇಕೆಂಬುದನ್ನು ಮರೆತು ಎರಡನ್ನೂ ಎಳೆಯುತ್ತಿದ್ದ. ರಾಜ್ಯಲಕ್ಷ್ಮಿ ಕುರ್ಚಿ ಬಿಟ್ಟೇಳಲಿಲ್ಲ. ಶ್ರೀಕಂಠ ಕಂಬವನ್ನು ತಬ್ಬಿಕೊಂಡ.

"ಚಾಂಪಿಯನ್!" ಕಾಮೇಶ್ವರ ಕುಣಿದಾಡಿದರು. "ಗಟ್ಟಿಗನಿಗೆ ರಿಯಾಯಿತಿ ಇಲ್ಲ, ಕೈಲಾಗದವರು ಮುಂದೆ. ಎಂಥಾ ರೂಲ್ ಅಂಡಿ! ಹಂಗಾಗಿ ನೆರಳಿನ ಜಾಗ ಏಳೋಕೂ ಆಗದ ರಾಜ್ಯಲಕ್ಷ್ಮಿ ಗಾರಿಗೆ. ನಿಮ್ಮ ಕಾರು ಗೇಟಿನ ಆಚೆ ಇರ್ಲಿ."

"ಗೆದ್ದಿದ್ದು ನಾನಲ್ವಾ ಸಾರ್?" ಶ್ರೀಕಂಠ ಏದುಸಿರಿನಲ್ಲೇ ಕೇಳಿದ.

"ಅದೇ ಕದಂಡಿ ಪ್ರೂಫು!"

ರಾಜ್ಯಲಕ್ಷ್ಮಿ ಕುರ್ಚಿಯಿಂದ ಚಂಗನೆ ಎದ್ದು, ಕಾರಿನ ಕೀ ತರಲು ಎರಡೆರಡು ಮೆಟ್ಟಿಲು ಹಾರುತ್ತ ಓಡಿದರು.

ಬಾಲ್ಕನಿಯಲ್ಲಿ ಸುಮಿತ್ರಾಳ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. "ರೀ, ಎಷ್ಟು ಚೆನ್ನಾಗಿ ಓಡ್ತೀರಿ! ನಾಳೆಯಿಂದ ಬ್ಯಾಂಕಿಗೆ ಕಾರ್ ಯಾಕ್ರೀ?"