ಪಾರ್ಕ್‌ಲ್ಯಾಂಡ್ಸಿನ ಇಬ್ಬರು ಹಿಮದಲ್ಲಿ ಜಾರಿದ್ದು

ಕೆಲವರು ಮನೆಯಿಂದ ಹೊರಟರೆ ಹೋದ ಕೆಲಸ ಮುಗಿಸಿಕೊಂಡು ಬರುತ್ತಾರೆ. ನಾನೂ ನನ್ನ ಗೆಳತಿಯೂ ಒಟ್ಟಿಗೆ ಹೊರಟರೆ ಹಾಗಾಗುವುದಿಲ್ಲ. ಕೊತ್ತಂಬರಿ ಸೊಪ್ಪು ತರಲು ಹೋಗಿ, ಗುರುತಿಲ್ಲದವರ ಮದುವೆಯಲ್ಲಿ ಊಟ ಮಾಡಿ, ಸೊಪ್ಪು ಮರೆತು ಬಂದವರು ನಾವು. ಹದಿನೆಂಟು ವರ್ಷದಿಂದ ಹೀಗೇ ನಡೆದಿದೆ. ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಒಂದೇ ಕಟ್ಟಡದಲ್ಲಿ ನಮ್ಮದು ಎರಡನೇ ಮಹಡಿ, ಅವಳದು ಮೂರನೆಯದು. ನಾನು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ, ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಇಬ್ಬರಿಗೂ ಐವತ್ತು ದಾಟಿದೆ.

ಅಪ್ಪಣೆ

ಈ ವರ್ಷ ಅವಳ ಗಂಡನನ್ನು ಕಂಪನಿಯವರು ಬೆಂಗಳೂರಿಗೆ ವಾಪಸು ಕರೆದರು. ಆಗಸ್ಟಿನಲ್ಲಿ ಮನೆ ಖಾಲಿ ಮಾಡಬೇಕು. ಸುದ್ದಿ ಬಂದ ದಿನ ಅವಳು ಮೆಟ್ಟಿಲಿಳಿದು ಬಂದು ಹೇಳಿದಳು, ನಾನು "ಹೌದಾ" ಅಂದೆ, ಇಬ್ಬರೂ ಕಾಫಿ ಕುಡಿದೆವು. ಆಮೇಲೆ ಆ ವಿಷಯ ನಮ್ಮ ನಡುವೆ ಬರಲೇ ಇಲ್ಲ. ಯಾರು ಮೊದಲು ಎತ್ತಿದರೂ ಇನ್ನೊಬ್ಬಳು ಅಳುತ್ತಾಳೆ ಅಂತ ಇಬ್ಬರಿಗೂ ಗೊತ್ತಿತ್ತು.

ಒಂದು ವಾರ ಬಿಟ್ಟು ಅವಳು ಫೋನು ಹಿಡಿದುಕೊಂಡು ಬಂದಳು. "ಆಫ್ರಿಕಾದಲ್ಲೂ ಹಿಮ ಬೀಳತ್ತಂತೆ ಕಣೆ. ಜೋಹಾನ್ಸ್‌ಬರ್ಗ್‌ವರೆಗೆ ವಿಮಾನ, ಅಲ್ಲಿಂದ ಕಾರಲ್ಲಿ ಲೆಸೊಥೊ ಬೆಟ್ಟ. ಸ್ಕೀ ಮಾಡಬಹುದು. ಜುಲೈಲಿ ಅಲ್ಲಿ ಚಳಿಗಾಲ, ಒಂದು ಶುಕ್ರವಾರ ಹೋಗಿ ಸೋಮವಾರ ಬರೋಣ. ಇಬ್ಬರೇ."

ನಮ್ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ ಕೇಳಿದರು. "ಸ್ಕೀ ಅಂದ್ರೆ ಜಾರಿ ಬೀಳೋದು ತಾನೆ?"

"ಹೂಂ."

"ಅದಕ್ಕೆ ಅಷ್ಟು ದೂರ ಯಾಕೆ? ನಮ್ಮ ಮೆಟ್ಟಿಲು ಈಗ ತಾನೆ ತೊಳೆದಿದಾರೆ."

ಜಾಕೆಟ್ಟು

ನೈರೋಬಿಯಲ್ಲಿ ಹಿಮದ ಬಟ್ಟೆ ಎಲ್ಲಿ ಸಿಗುತ್ತದೆ? ಮಿತುಂಬಾದಲ್ಲಿ, ಅಂದರೆ ಯುರೋಪಿನಿಂದ ಮೂಟೆಯಲ್ಲಿ ಬರುವ ಹಳೇ ಬಟ್ಟೆಯ ಸಂತೆಯಲ್ಲಿ. ಮಟಾಟು ವ್ಯಾನು ಹತ್ತಿ ಹೋದೆವು. ಒಂದು ಅಂಗಡಿಯ ತುಂಬ ದಪ್ಪ ದಪ್ಪ ಜಾಕೆಟ್ಟುಗಳು ನೇತಾಡುತ್ತಿದ್ದವು. ಈ ಊರಿನಲ್ಲಿ ಇವನ್ನೆಲ್ಲ ಯಾರು ಕೊಳ್ಳುತ್ತಾರೆ ಅಂತ ನನಗೆ ಆಶ್ಚರ್ಯ.

ನಾನು ಕಿತ್ತಳೆ ಬಣ್ಣದ್ದು ತೊಟ್ಟೆ, ಅವಳು ಹಸಿರು. ಅಂಗಡಿಯ ಹೆಂಗಸು ನಮ್ಮನ್ನು ಸುತ್ತು ಬಂದು ನೋಡಿದಳು. ನನ್ನ ಹಣೆಯ ಕುಂಕುಮ ನೋಡಿದಳು, ಗೆಳತಿಯ ನರೆತ ಜಡೆ ನೋಡಿದಳು. ಆಮೇಲೆ ನಿಜವಾದ ಗೌರವದಿಂದ ಕೇಳಿದಳು. "ಅಮ್ಮಾ, ಇದನ್ನ ಕೊಳ್ಳೋರೆಲ್ಲ ಬಾಡಿಗೆ ಬೈಕಿನವರು. ನೀವಿಬ್ಬರೂ ಓಡಿಸೋದು ಯಾವ ಸ್ಟ್ಯಾಂಡಿನಿಂದ?"

ತೂಕ

ಬೆಟ್ಟ ತಲುಪಿದಾಗ ಮೊದಲು ನಿರಾಸೆಯಾಯಿತು. ಸುತ್ತ ಎಲ್ಲಾ ಒಣಹುಲ್ಲಿನ ಕಂದು ಬೆಟ್ಟ. ನಡುವೆ ಒಂದೇ ಒಂದು ಬಿಳಿ ಪಟ್ಟಿ, ಯಾರೋ ಪಂಚೆ ಒಗೆದು ಹರವಿದ ಹಾಗೆ. ಆದರೆ ಹತ್ತಿರ ಹೋಗಿ ಬಗ್ಗಿ ಮುಟ್ಟಿದರೆ ನಿಜವಾದ ಹಿಮ. ಅವಳು ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದಳು, ಪ್ರಸಾದ ಕೊಡುವ ಹಾಗೆ.

ಕಾಲಿಗೆ ಕಟ್ಟುವ ಸ್ಕೀ ಹಲಗೆ ಬಾಡಿಗೆ ಕೊಡುವ ಕಡೆ ಒಂದು ಫಾರ್ಮಿನಲ್ಲಿ ವಯಸ್ಸು, ಎತ್ತರ, ತೂಕ ಬರೆಯಬೇಕು. ಅವಳು ಕೈ ಅಡ್ಡ ಹಿಡಿದು ಬರೆದಳು, ಪರೀಕ್ಷೆಯಲ್ಲಿ ಅವಳ ಮಕ್ಕಳು ಬರೆಯುವ ಹಾಗೆ.

ನಮಗೆ ಕಲಿಸಲು ಬಂದದ್ದು ನಮ್ಮದೇ ವಯಸ್ಸಿನ, ನಮ್ಮದೇ ಗಾತ್ರದ ಒಬ್ಬ ಸ್ಥಳೀಯ ಹೆಂಗಸು. ಆಕೆಯನ್ನು ನೋಡಿ ಧೈರ್ಯ ಬಂತು. ಆದರೆ ಗೆಳತಿ ಎರಡು ಹೆಜ್ಜೆ ಇಟ್ಟರೆ ಸ್ಕೀ ಕಾಲಿನಿಂದ ಕಳಚಿ ಹೋಗುತ್ತಿತ್ತು. ಹಾಕಿಕೊಂಡಳು, ಕಳಚಿತು. ನಾಲ್ಕನೇ ಸಲ ಕಳಚಿದಾಗ ಆಕೆ ವಿವರಿಸಿದರು. ಕಾಲು ಮುರಿಯದಿರಲಿ ಅಂತ ಸ್ಕೀ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಷ್ಟು ಬಿಗಿ ಇರಬೇಕು ಅನ್ನೋದನ್ನು ತೂಕ ನೋಡಿಯೇ ಹೊಂದಿಸುತ್ತಾರೆ.

"ಫಾರ್ಮಿನಲ್ಲಿ ಬರೆದ ತೂಕ ಸರಿಯಾಗಿದೆಯಾ?"

ಗೆಳತಿ ದೂರದ ಬೆಟ್ಟ ನೋಡಿದಳು. "ಸುಮಾರಾಗಿ."

"ಸುಮಾರು ಅಂದರೆ?"

"ಹದಿನೈದು ಕಿಲೋ ಆಚೆ ಈಚೆ."

"ಆಚೆಯೋ ಈಚೆಯೋ?" ಅಂದರು ಆಕೆ.

ನಮ್ಮ ಲೆಕ್ಕದ ಟೀಚರ್ ಸ್ಕೀ ಎತ್ತಿಕೊಂಡು ಬಿಗಿ ಮಾಡಿಸಲು ಹೋದಳು.

ಪಿಜ್ಜಾ

ಅವಳು ಹೋಗಿ ಬರುವಷ್ಟರಲ್ಲಿ ಒಂದು ಮುಖ್ಯ ಪಾಠ ಮುಗಿದುಹೋಗಿತ್ತು. ನಿಲ್ಲಬೇಕಾದರೆ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದೆ ಅಗಲ ಮಾಡಬೇಕು, ಪಿಜ್ಜಾ ತುಂಡಿನ ಆಕಾರದಲ್ಲಿ. ಆ ಆಕಾರಕ್ಕೆ ಹೆಸರೇ ಪಿಜ್ಜಾ.

ಇದನ್ನು ನಾನು ಅವಳಿಗೆ ಹೇಳಬೇಕಿತ್ತು. ಹೇಳಬೇಕು ಅನ್ನುವಷ್ಟರಲ್ಲಿ ಅವಳು ನೆಟ್ಟಗೆ ನಿಂತು ಹೊರಟೇಬಿಟ್ಟಳು. ಬಿಗಿ ಮಾಡಿದ ಸ್ಕೀ ಈಗ ಕಳಚುವುದೂ ಇಲ್ಲ. ಬೋಧಕಿ ಹಿಂದೆಯೇ ಕೂಗುತ್ತಾ ಹೋದರು. "ಪಿಜ್ಜಾ, ಪಿಜ್ಜಾ."

ಗೆಳತಿ ವೇಗದಲ್ಲೇ ಕತ್ತು ತಿರುಗಿಸಿ, ಮರ್ಯಾದೆಯಿಂದ ಉತ್ತರ ಕೊಟ್ಟಳು. "ಥ್ಯಾಂಕ್ಯೂ, ವೆಜ್ ಮಾತ್ರ."

ನೋವು

ಇಳಿಜಾರಿನ ಕೊನೆಗೆ ಕಟ್ಟಿದ್ದ ಕಿತ್ತಳೆ ಬಣ್ಣದ ಬಲೆಗೆ ಹೋಗಿ ಬಿದ್ದಳು. ನಾನು ಪಿಜ್ಜಾ ಗೊತ್ತಿದ್ದೂ ಅವಳ ಪಕ್ಕದಲ್ಲೇ ಹೋಗಿ ಬಿದ್ದೆ. ಇಬ್ಬರೂ ಮಲಗಿಕೊಂಡು ಆಕಾಶ ನೋಡಿದೆವು. ಮೊದಲು ನಗು ಬಂತು. ನಗುತ್ತಾ ನಗುತ್ತಾ ಅವಳ ದನಿ ಬದಲಾಯಿತು.

"ಹದಿನೆಂಟು ವರ್ಷ ಕಣೆ. ಮಗಳು ಹುಟ್ಟಿದ್ದು ನೈರೋಬಿಯಲ್ಲಿ. ಬೆಂಗಳೂರಲ್ಲಿ ಈಗ ನನಗೆ ಯಾರು ಗೊತ್ತು? ಬೆಳಗ್ಗೆ ಎದ್ದು ಕೆಳಗಿಳಿದರೆ ನೀನು ಇರಲ್ಲ."

ಎರಡು ತಿಂಗಳಿಂದ ತಡೆದಿಟ್ಟದ್ದು ಅಲ್ಲಿ ಬಂತು. ಅವಳು ಅತ್ತಳು. ಸಮಾಧಾನ ಮಾಡಬೇಕಾದ ನಾನೂ ಅತ್ತೆ. ಕೈಗವಸು ಒದ್ದೆಯಾಗಿದ್ದರಿಂದ ಕಣ್ಣೊರೆಸಿದಷ್ಟೂ ಮುಖ ಇನ್ನಷ್ಟು ಒದ್ದೆಯಾಯಿತು.

ಅಷ್ಟರಲ್ಲಿ ಬೋಧಕಿ ಏದುಸಿರು ಬಿಡುತ್ತಾ ಬಂದು ಮಂಡಿಯೂರಿ ಕೂತರು. "ಅಳಬೇಡ ತಂಗಿ. ಎಲ್ಲಿ ನೋವು?"

ಗೆಳತಿ ಬಿಕ್ಕುತ್ತಾ ಒಂದೇ ಮಾತು ಹೇಳಿದಳು. "ಬೆಂಗಳೂರು."

ಆಕೆ ಗಾಬರಿಯಿಂದ ನನ್ನ ಕಡೆ ತಿರುಗಿದರು. "ಅದು ಎಡಗಡೆಯದೋ ಬಲಗಡೆಯದೋ?"

ನಾನು ಇನ್ನೂ ಜೋರಾಗಿ ಅತ್ತೆ. ಆಕೆ ತಡ ಮಾಡಲಿಲ್ಲ. ಹೆಗಲಿಗೆ ಸಿಕ್ಕಿಸಿದ್ದ ವಾಕಿ-ಟಾಕಿ ತೆಗೆದು, ಬೆಟ್ಟಕ್ಕೆಲ್ಲ ಕೇಳುವ ಹಾಗೆ ಹೇಳಿದರು. "ಬೇಗ ಸ್ಟ್ರೆಚರ್ ಕಳಿಸಿ. ಇಲ್ಲೊಬ್ಬರಿಗೆ ಬೆಂಗಳೂರು ಮುರಿದ ಹಾಗಿದೆ. ಪಕ್ಕದವರಿಗೂ ಅದೇ ಇರಬೇಕು, ಎರಡು ಕಳಿಸಿ."