ಬೀರುವಿನಿಂದ ಶಿಲಾಯುಗಕ್ಕೆ

ಮೂರು ದಿನ ರಜೆ ಸಿಕ್ಕಿದ ಸುದ್ದಿಯನ್ನು ಮನೆಯಲ್ಲಿ ಬಾಯಿಬಿಟ್ಟಿದ್ದೇ ತಕ್ಕಡಿರಾಯರು ಮಾಡಿದ ತಪ್ಪು.

ಅವರು ಸರಕಿನ ಗೋದಾಮಿನಲ್ಲಿ ತೂಕದ ಗುಮಾಸ್ತರು. ಮೂಟೆಯನ್ನು ದೂರದಿಂದ ನೋಡಿಯೇ ಇಷ್ಟು ಕಿಲೋ ಎಂದುಬಿಡುತ್ತಿದ್ದರು. ತಕ್ಕಡಿ ಆಮೇಲೆ ಬಂದು ಹೌದೆನ್ನುತ್ತಿತ್ತು. ಬಿರುದು ಬಂದದ್ದು ಹಾಗೆ. ಆದರೆ ಜೀವಮಾನದಲ್ಲಿ ಒಂದು ಮೂಟೆಯನ್ನೂ ಎತ್ತಿದವರಲ್ಲ. (ಎತ್ತುವುದು ಬೇರೆ ಇಲಾಖೆಯ ಕೆಲಸ ಎಂದು ಅವರ ನಂಬಿಕೆ.)

"ಹಾಗಾದ್ರೆ ಈ ಸಲ ಬೀರು ಸರಿಸಿಬಿಡಿ," ಎಂದಳು ಹೆಂಡತಿ, ಒಣಗಿದ ಬಟ್ಟೆ ಮಡಚುತ್ತಾ.

ಅದು ರಾಯರ ತಂದೆಯ ಕಾಲದ ಮರದ ಬೀರು. ರಾಯರ ತಾಯಿ ಮಲಗುವ ಹಿಂದಿನ ಕೋಣೆಯಲ್ಲಿ, ಪೂರ್ವದ ಕಿಟಕಿಗೆ ಬೆನ್ನು ಕೊಟ್ಟು ನಿಂತಿತ್ತು. ಅದು ಅಲ್ಲಿಗೆ ಬಂದ ದಿನದಿಂದ ಆ ಕೋಣೆಗೆ ಬೆಳಗಾಗಿರಲಿಲ್ಲ. ಮಂಡಿನೋವಿನ ಅಮ್ಮ ಎದ್ದು ಸ್ವಿಚ್ಚು ಹಾಕಿ, ಬಲ್ಬಿಗೇ ಕೈಮುಗಿದು ದಿನ ಶುರುಮಾಡುತ್ತಿದ್ದರು. ತಮಗಾಗಿ ಏನನ್ನೂ ಕೇಳಿದವರಲ್ಲ. ಅವರ ಪರವಾಗಿ ಕೇಳುವ ಹೊಣೆ ಸೊಸೆಯದು.

"ಅದರ ತೂಕ ಗೊತ್ತೇನೇ ನಿನಗೆ? ಅಲ್ಲಾಡಿಸೋದು ಮನುಷ್ಯಮಾತ್ರದವರಿಂದ ಆಗೋ ಕೆಲಸ ಅಲ್ಲ!"

"ಗೋದಾಮಿನ ಹಮಾಲರನ್ನ ಕರೀರಿ."

"ಅಪ್ಪನ ಬೀರನ್ನ ಕಂಡವರ ಕೈಗೆ ಕೊಡೋದಾ?"

"ಹಾಗಾದ್ರೆ ನಿಮ್ಮ ಕೈಯಲ್ಲೇ ಆಗಲಿ."

ದಿಕ್ಕು ತೋಚದೆ ನಿಂತ ರಾಯರಿಗೆ ಆಗ ದಿವ್ಯವಾದ ಯೋಚನೆಯೊಂದು ಹೊಳೆಯಿತು. ಬೀರು ಸರಿಯದಿದ್ದರೇನು, ತಾವೇ ಮನೆಯಿಂದ ಸರಿದರಾಯಿತು!

"ಹಳ್ಳಿ ಕಡೆ ಹೋಗಿಬರೋಣ. ಅಮ್ಮನಿಗೂ ಗಾಳಿ ಬದಲಾಗತ್ತೆ," ಎಂದವರೇ ಊಟದ ಮೇಜಿನ ಮೇಲೆ ನಕಾಶೆ ಹರಡಿದರು. ಜಲಪಾತವಾದರೆ ಮೆಟ್ಟಿಲಿಳಿಸಿ ಚೀಲ ಹೊರಿಸುತ್ತಾರೆ. ದೋಣಿವಿಹಾರವಾದರೆ ಹುಟ್ಟು ಕೈಗೆ ಕೊಡುತ್ತಾರೆ. ಕೊನೆಗೆ ರಾಯರ ಬೆರಳು ಇತಿಹಾಸಪೂರ್ವ ಕಾಲದ ಮೇಲೆ ನಿಂತಿತು. ಒಂದು ದಿನ ಚಿತ್ರ ಬರೆದ ಬಂಡೆ, ಒಂದು ದಿನ ನಿಲುವುಗಲ್ಲುಗಳು, ಕೊನೆಯ ಬೆಳಿಗ್ಗೆ ಕಲ್ಲಿನ ಕೋಣೆ. ತಂಗಲು ಹತ್ತಿರದ ತೋಟದ ಮನೆ. ಎಲ್ಲವೂ ಸಾವಿರಾರು ವರ್ಷಗಳಿಂದ ಇದ್ದಲ್ಲೇ ಇರುವ ಕಲ್ಲುಗಳು. ಸರಿಸು ಎಂದು ಯಾವ ಹೆಂಡತಿಯೂ ಹೇಳಲಾರಳು.

"ಕಲ್ಲು ನೋಡಕ್ಕೆ ಅಷ್ಟು ದೂರಾನಾ?"

"ಬರವಣಿಗೆ ಹುಟ್ಟೋಕೆ ಮುಂಚಿನದು ಕಣೇ!"

"ಓ, ಬೀರು ಸರಿಸಿ ಅಂತ ನಾನು ಮೊದಲು ಹೇಳಿದ ಕಾಲದ್ದು."

ಅಂತೂ ಹೊರಟರು. ಬಂಡೆಯ ಮೇಲಿನ ಕೆಂಪು ಜಿಂಕೆಯನ್ನು ನೋಡಿ ಅಮ್ಮ, "ಪಾಪ, ಇನ್ನೂ ಓಡ್ತಾನೇ ಇದೆ," ಎಂದರು. ನಿಲುವುಗಲ್ಲುಗಳ ನಡುವೆ ಮೂವರೂ ತಮಗರಿವಿಲ್ಲದೆ ದನಿ ತಗ್ಗಿಸಿದರು. ಹೆಂಡತಿ ಬೀರುವಿನ ಮಾತೆತ್ತಲಿಲ್ಲ. ರಾಯರು ಗೆದ್ದೆನೆಂದುಕೊಂಡರು.

ಕೊನೆಯ ದಿನ ನಸುಕಿನಲ್ಲೇ ಕಲ್ಲಿನ ಕೋಣೆಯ ಮುಂದೆ ಕಾರು ನಿಲ್ಲಿಸಿದರು. ಸುತ್ತಲೂ ನಿಲ್ಲಿಸಿದ ಚಪ್ಪಡಿಗಳು, ಅವುಗಳ ಮೇಲೆ ಆಕಾಶಕ್ಕೆ ಮುಚ್ಚಳ ಹಾಕಿದಂಥ ಒಂದೇ ಕಲ್ಲು. ರಾಯರು ಅಭ್ಯಾಸಬಲದಿಂದ ತೂಕ ಅಂದಾಜಿಸಲು ಕಣ್ಣು ಕಿರಿದುಮಾಡಿದರು. ಆದರೆ ಅವರೊಳಗಿನ ತಕ್ಕಡಿಯ ಮುಳ್ಳು ಎಲ್ಲಿಯೂ ನಿಲ್ಲಲಿಲ್ಲ. ಕಣ್ಣು ತಾನಾಗಿ ಅಗಲವಾಯಿತು. ಹೆಸರು ಉಳಿಯದ ಯಾರೋ ಇಷ್ಟು ಭಾರವನ್ನು ಇಲ್ಲಿ ಇಟ್ಟು ಹೋಗಿದ್ದರು. ಅದು ಇನ್ನೂ ಬಿದ್ದಿರಲಿಲ್ಲ.

"ಇದನ್ನ ಹೇಗ್ರೀ ಎತ್ತಿದ್ರು?" ಹೆಂಡತಿ ಮೆಲ್ಲಗೆ ಕೇಳಿದಳು.

ರಾಯರು ಮೈಮರೆತರು. "ಎತ್ತಲಿಲ್ಲ ಕಣೇ, ಉರುಳಿಸಿದ್ರು! ಮಣ್ಣಿನ ಇಳಿಜಾರು ಕಟ್ಟಿ, ಕಲ್ಲಿನಡಿ ದುಂಡನೆ ಮರದ ತುಂಡು ಇಟ್ಟು, ಹಿಂದಿನಿಂದ ಸನ್ನೆಕೋಲು ಹಾಕಿ, ಸ್ವಲ್ಪ ಸ್ವಲ್ಪ ತಳ್ಳಿರಬೇಕು. ಮನಸ್ಸೊಂದಿದ್ರೆ ಬೆಟ್ಟಾನೂ ಸರಿಯತ್ತೆ!"

"ಮನುಷ್ಯಮಾತ್ರದವರಿಂದ?"

"ಮನುಷ್ಯಮಾತ್ರದವರಿಂದ!" ಎಂದರು ರಾಯರು.

ಆಗ ಸೂರ್ಯ ಹುಟ್ಟಿದ. ಪೂರ್ವದ ಚಪ್ಪಡಿಯಲ್ಲಿ ಗುಂಡಗೆ ಕೊರೆದ ಒಂದು ಕಂಡಿಯಿತ್ತು. ಅದರೊಳಗಿಂದ ಬೆಳಕು ಮೆಲ್ಲನೆ ನುಗ್ಗಿ, ಒಳಗಿನ ಬರಿಯ ನೆಲದ ಮೇಲೆ ಚಿನ್ನದ ತಟ್ಟೆಯಂತೆ ಬಿದ್ದಿತು. ಅಮ್ಮ ಮಗನ ತೋಳು ಹಿಡಿದು ಬಗ್ಗಿ ನೋಡಿದರು.

"ಯಾರ ಮನೆಯೋ ಇದು?"

"ಮನೆ ಅಲ್ಲಮ್ಮ, ಸತ್ತವರನ್ನ ಇಡ್ತಿದ್ದ ಜಾಗ."

"ಸತ್ತವರಿಗೂ ಕಿಟಕಿ ಬಿಟ್ಟಿದಾರಲ್ಲೋ," ಎಂದರು ಅಮ್ಮ.

ಆ ಮಾತಿನಲ್ಲಿ ಮೊನೆಯಿರಲಿಲ್ಲ, ಬರೀ ಬೆರಗಿತ್ತು. ರಾಯರಿಗೆ ನಾಟಿದ್ದು ಅದೇ. ಹೆಂಡತಿಯ ಕಡೆ ತಿರುಗಿದರು. ಅವಳು ಏನೂ ಹೇಳಲಿಲ್ಲ. ಮನೆ ಮುಟ್ಟುವವರೆಗೂ ಹೇಳಲಿಲ್ಲ. ಅಂಥ ಮೌನವನ್ನು ತೂಗುವ ತಕ್ಕಡಿ ಯಾವ ಗೋದಾಮಿನಲ್ಲೂ ಇಲ್ಲ.

ಸಂಜೆ ರಾಯರು ಅಂಗಿಯ ತೋಳು ಮಡಚಿ, "ಬಾ, ಸರಿಸೋಣ," ಎಂದು ಹಿಂದಿನ ಕೋಣೆಗೆ ನುಗ್ಗಿದರೆ, ಹೆಂಡತಿ ಆಗಲೇ ಬೀರು ಖಾಲಿ ಮಾಡಿ, ಹಳೆಯ ಪರದೆಯ ಕೋಲುಗಳನ್ನು ತುಂಡರಿಸಿ ಅದರ ಮುಂದೆ ಸಾಲಾಗಿ ಜೋಡಿಸಿದ್ದಳು. ಒಳಗಿದ್ದ ಕೆಟ್ಟ ರೇಡಿಯೊಗಳು, ಮುರಿದ ಛತ್ರಿಗಳು, ಹಳೇ ಪತ್ರಿಕೆಗಳು ಗುಡ್ಡೆಯಾಗಿ ಬಿದ್ದಿದ್ದವು. ಎಲ್ಲ ರಾಯರದೇ.

"ಬೀರುವಿನ ತೂಕ ಇದು," ಎಂದಳು ಗುಡ್ಡೆ ತೋರಿಸಿ. "ಉಳಿದದ್ದು ಮರ. ತಳ್ಳಿ."

ತಳ್ಳಿದರು. ಕೋಲುಗಳ ಮೇಲೆ ಅಪ್ಪನ ಬೀರು ಮದುಮಗಳಂತೆ ನಾಜೂಕಾಗಿ ಹೊರಟಿತು. ಅದು ಕೋಣೆಯ ಬಾಗಿಲು ದಾಟಿದ್ದೇ ರಾಯರು ಮುಂದಿನದನ್ನು ಹೆಂಡತಿಗೆ ಬಿಟ್ಟು ಹೋಗಿ ಮಲಗಿದರು.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ರಾಯರು ನಿಂತರು. ಕಿಟಕಿಯಿಂದ ಬಂದ ಬೆಳಕು ಅಮ್ಮನ ಮಡಿಲಲ್ಲಿ ಬಿದ್ದಿತ್ತು. ಅಮ್ಮ ಬಲ್ಬು ಹಾಕುವುದನ್ನು ಮರೆತು, ಕಣ್ಮುಚ್ಚಿ, ಕೈಮುಗಿದು ಕೂತಿದ್ದರು. ಕಲ್ಲಿನ ಕೋಣೆಯ ಮುಂದಿನ ಬೆರಗೇ ರಾಯರನ್ನು ಮತ್ತೊಮ್ಮೆ ಆವರಿಸಿತು. ಈ ಬೆರಗನ್ನು ನಿಧಾನವಾಗಿ ಅನುಭವಿಸೋಣವೆಂದು ನಡುಮನೆಗೆ ಬಂದು, ಕಣ್ಣು ಒರೆಸಿಕೊಳ್ಳುತ್ತಾ, ದಿನವೂ ಒರಗುವ ತಮ್ಮ ಆರಾಮಕುರ್ಚಿಯತ್ತ ಹೆಜ್ಜೆಯಿಟ್ಟರು.

ಕುರ್ಚಿ ಇರಲಿಲ್ಲ, ಹೊರಗೆ ಚಪ್ಪಲಿಗಳ ಪಕ್ಕಕ್ಕೆ ಹೋಗಿತ್ತು. ಅದರ ಜಾಗದಲ್ಲಿ, ಇನ್ನು ಸಾವಿರಾರು ವರ್ಷ ಅಲ್ಲಾಡುವುದಿಲ್ಲ ಎಂಬ ಗಾಂಭೀರ್ಯದಿಂದ, ಅಪ್ಪನ ಬೀರು ನಿಂತಿತ್ತು.